ಪಪ್ಪ ಕಳಿಸಿದ ಬೋಟು

ಎರಡು ವರ್ಷದ ಹಿಂದಿನ ಬಕ್ರೀದ್ ರಜೆ. ನಿಜ ಹೇಳಬೇಕೆಂದರೆ ಆ ರಜೆಯಲ್ಲಿ ನಾವು ಗ್ರೀಸ್ ದೇಶದಲ್ಲಿರಬೇಕಿತ್ತು.

ನಾನು ಮಸ್ಕತ್ತಿನ ಅಲ್ ಖುವೈರ್‌ನಲ್ಲಿ ಒಂದು ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಕೂರುತ್ತೇನೆ. ಗಂಡ ಆಲ್ವಿನ್ ಏಸಿ ರಿಪೇರಿ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದ. ಇಬ್ಬರೂ ಉಡುಪಿ ಕಡೆಯ ಕಡಲ ಬದಿಯವರು. ಒಂದೇ ಇಗರ್ಜಿ, ಒಂದೇ ಶಾಲೆ. ಮೂಗು ಸುರಿಸಿಕೊಂಡು ಓಡಾಡುತ್ತಿದ್ದಾಗಿನಿಂದ ನೋಡಿದವನನ್ನು ಮದುವೆಯಾದ ಮಾತ್ರಕ್ಕೆ ಬಹುವಚನದಲ್ಲಿ ಕರೆಯಲು ನನ್ನ ನಾಲಗೆ ಏಳಲಿಲ್ಲ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ, ಓದುವವರು ತಪ್ಪು ತಿಳಿಯಬಾರದು.

ಮಗಳು ಶೆರಿಲ್‌ಗೆ ಆಗ ಒಂಬತ್ತು ವರ್ಷ. ಶಾಲೆಯಲ್ಲಿ ಗ್ರೀಸ್ ಬಗ್ಗೆ ಪ್ರಾಜೆಕ್ಟ್ ಮಾಡಿದ್ದಳು. ಬಿಳಿ ಮನೆ, ನೀಲಿ ಬಾಗಿಲು, ಕೆಳಗೆ ನೀಲಿ ಕಡಲು ಇರುವ ಒಂದು ಸಣ್ಣ ದ್ವೀಪದ ಚಿತ್ರವನ್ನು ಗೋಡೆಗೆ ಅಂಟಿಸಿ, "ಪಪ್ಪಾ, ವೆನ್ ಆರ್ ವಿ ಗೋಯಿಂಗ್?" ಎಂದು ಅಪ್ಪನ ತಲೆ ತಿನ್ನುತ್ತಿದ್ದಳು. ಮಗಳಿಗೆ ಇಲ್ಲ ಎನ್ನುವ ಅಭ್ಯಾಸ ಆಲ್ವಿನ್‌ಗೆ ಇರಲಿಲ್ಲ. ಮದುವೆಯ ವಾರ್ಷಿಕೋತ್ಸವದ ನೆಪ ಮಾಡಿಕೊಂಡು ಹೊರಡಿಸಿಯೇ ಬಿಟ್ಟ. ಹೊಸ ಸೂಟ್‌ಕೇಸ್ ಬಂತು, ತಂಪು ಕನ್ನಡಕ ಬಂತು, ಗುಲಾಬಿ ಬಣ್ಣದ ಕೊಕ್ಕರೆಯ ಆಕಾರದ ಗಾಳಿ ಟ್ಯೂಬೂ ಬಂತು. ವೀಸಾ ಮಾತ್ರ ಬರಲಿಲ್ಲ.

ಮಗಳು ಮುಖ ಊದಿಸಿಕೊಂಡು ಕೂತಳು. ಆಲ್ವಿನ್ ಅವಳ ಪಕ್ಕ ಕೂತು, "ದ್ವೀಪ ತಾನೇ ಬೇಕು ನಿಂಗೆ? ಒಮಾನಿನಲ್ಲೇ ಉಂಟಲ್ಲ. ಮಸೀರಾ. ಸುತ್ತ ನೀರು, ಮಧ್ಯದಲ್ಲಿ ನಾವು. ಗ್ರೀಸಿನವರ ಕಡಲಿಗೆ ಎಂತ ಬಂಗಾರ ಹಚ್ಚಿದ್ದಾರಾ?" ಎಂದ.

"ಆ ಉರಿಯಲ್ಲಿ ಯಾರು ಹೋಗ್ತಾರೆ ಮಾರಾಯ?" ಎಂದೆ. ಮಸ್ಕತ್ತಿನಲ್ಲಿ ಆಗ ರಸ್ತೆ ದಾಟಿದರೆ ಚಪ್ಪಲಿಯ ಅಡಿ ಮೆತ್ತಗಾಗುವಷ್ಟು ಬಿಸಿಲು.

"ಅಲ್ಲಿ ಈಗ ಮಳೆಗಾಲದ ಗಾಳಿ. ತಂಪು. ಸ್ವೆಟರ್ ಹಾಕ್ಕೊ ಬೇಕಾದ್ರೆ" ಎಂದ. ಅಲ್ಲಿಗೆ ತೀರ್ಮಾನವಾಯಿತು.

ಜೊತೆಗೆ ಹಮೀದ್ ಬಂದ. ಅವನು ಉಳ್ಳಾಲದ ಬ್ಯಾರಿ, ಬರ್ಕಾದಲ್ಲಿ ಬಟ್ಟೆ ಅಂಗಡಿ. ಹೆಂಡತಿ ಮಕ್ಕಳು ಊರಿನಲ್ಲಿ. ಹಬ್ಬದ ದಿನ ಒಬ್ಬನೇ ಕೂತು ಉಣ್ಣುವುದು ಬೇಡವೆಂದು ಪ್ರತಿ ಈದ್‌ಗೆ ಆಲ್ವಿನ್ ಅವನನ್ನು ಎಳೆದು ತರುತ್ತಿದ್ದ. ಮನೆಯಲ್ಲಿ ನಮ್ಮದು ಕೊಂಕಣಿ. ಹಮೀದ್ ಬಂದರೆ ಎಲ್ಲರೂ ಕನ್ನಡಕ್ಕೆ ಇಳಿಯುತ್ತಿದ್ದೆವು. ಶೆರಿಲ್ ಮಾತ್ರ ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಇಂಗ್ಲಿಷಿನಲ್ಲಿ ಕೊಡುತ್ತಿದ್ದಳು. ಹಮೀದನ ದೊಡ್ಡ ಗಾಡಿಯಲ್ಲಿ ಈದ್‌ನ ಮರುದಿನ ಹೊರಟೆವು. ಮರುಭೂಮಿಯ ರಸ್ತೆ ಮುಗಿಯುವುದೇ ಇಲ್ಲ. ಕೊನೆಗೆ ಗಾಡಿ ಸಮೇತ ಫೆರ್ರಿ ಹತ್ತಿ ದ್ವೀಪಕ್ಕೆ ಇಳಿದಾಗ ಮುಖಕ್ಕೆ ತಂಪು ಗಾಳಿ ಬಡಿಯಿತು. ಆಲ್ವಿನ್ ತಾನೇ ಆ ಗಾಳಿಯನ್ನು ತರಿಸಿದವನ ಹಾಗೆ ನನ್ನ ಕಡೆ ನೋಡಿದ.

ಮಾರನೆಯ ದಿನ ಬೆಳಿಗ್ಗೆಯೇ ದ್ವೀಪದ ಪೂರ್ವದ ದಡಕ್ಕೆ ಹೋದೆವು. ಒಂದು ಸಣ್ಣ ಕೊಲ್ಲಿ. ಬಿಳಿ ಮರಳು, ಮನುಷ್ಯರ ಸುಳಿವಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಸೂರ್ಯ ಕಡಲಿನೊಳಗಿನಿಂದ ಎದ್ದು ಬಂದ. ನಾವೆಲ್ಲ ಸೂರ್ಯ ಕಡಲಿಗೆ ಮುಳುಗುವುದನ್ನು ನೋಡಿ ಬೆಳೆದವರು. ಮಸ್ಕತ್ತಿನಲ್ಲಿ ಬೀಚಿಗೆ ಹೋಗುವುದೇನಿದ್ದರೂ ಬಿಸಿಲು ಇಳಿದ ಮೇಲೆ. ಹಾಗಾಗಿ ನಮಗೆ ಅದೊಂದು ತಮಾಷೆ. "ಇಲ್ಲಿ ಎಲ್ಲ ಉಲ್ಟಾ ನೋಡು" ಎಂದು ಹಮೀದ್ ನಗಾಡಿದ. ಫೋಟೊ ತೆಗೆದೆವು. ಎಲ್ಲ ಉಲ್ಟಾ ಎಂದ ಆ ಮಾತನ್ನು ನಾವು ಯಾರೂ ಮುಂದಕ್ಕೆ ಯೋಚಿಸಲಿಲ್ಲ.

ನಮ್ಮೂರಿನ ಕಡಲ ಬದಿಯಲ್ಲಿ ಹುಟ್ಟಿದ ಯಾರನ್ನು ಕೇಳಿದರೂ ಒಂದು ವಿಷಯ ಹೇಳುತ್ತಾರೆ. ಮಧ್ಯಾಹ್ನ ಕಳೆದರೆ ಗಾಳಿ ನೀರಿನಿಂದ ದಡಕ್ಕೆ. ಮಕ್ಕಳು ನೀರಿಗೆ ಚೆಂಡು ಬಿಸಾಡಿದರೆ ಅದು ತಾನಾಗಿಯೇ ಕಾಲ ಬುಡಕ್ಕೆ ಬರುತ್ತದೆ. ಮಸ್ಕತ್ತಿನ ಬೀಚಿನಲ್ಲೂ ಸಂಜೆ ಹಾಗೆಯೇ ಕಂಡಿದ್ದೆವು. ಆದರೆ ಅಂದು ನಮ್ಮ ಮುಂದಿದ್ದ ಕಡಲು ಪೂರ್ವಕ್ಕಿತ್ತು. ಮಳೆಗಾಲದ ಗಾಳಿ ನಮ್ಮ ಬೆನ್ನ ಹಿಂದಿನಿಂದ, ದ್ವೀಪವನ್ನು ದಾಟಿ ಬಂದು ನೀರಿನ ಮೇಲೆ ಹೊರಕ್ಕೆ ಬೀಸುತ್ತಿತ್ತು. ಹಾಗಾಗಿಯೇ ದಡದ ಹತ್ತಿರ ಅಲೆ ಇರಲಿಲ್ಲ, ನೀರು ತಟ್ಟೆಯಲ್ಲಿಟ್ಟ ಹಾಗೆ ಮಲಗಿತ್ತು. ಊಟ ಮಾಡಿದ ಕಾಗದದ ತಟ್ಟೆಗಳು ಹಾರಿ ನೀರಿಗೆ ಬಿದ್ದವು. ಹಿಡಿಯಲು ಓಡಿದ ಹಮೀದ್ ಬರಿಗೈಯಲ್ಲಿ ನಗುತ್ತಾ ಬಂದ. ನಾನು "ಕಡಲಿಗೆ ಕಸ ಹಾಕ್ತೀರಲ್ಲ" ಎಂದು ಬೈದೆ. ನಮಗೆ ಕಂಡದ್ದು ಅಷ್ಟೇ.

ಊಟದ ಮೇಲೆ ಶೆರಿಲ್ ಕೊಕ್ಕರೆ ಟ್ಯೂಬು ಹಿಡಿದು ನೀರಿಗೆ ಹೊರಟಳು. ನನಗೆ ಈಜು ಬಾರದು. ಕಡಲ ಬದಿಯಲ್ಲಿ ಹುಟ್ಟಿದವಳು ಎಂದು ಹೆಸರಿಗೆ ಮಾತ್ರ. ನಮ್ಮಲ್ಲಿ ಹೆಣ್ಣುಮಕ್ಕಳು ಕಡಲಿಗೆ ಇಳಿಯುವುದು ಮೊಣಕಾಲಿನವರೆಗೆ. "ನೀನೂ ಹೋಗು ಅವಳೊಟ್ಟಿಗೆ" ಎಂದೆ ಆಲ್ವಿನ್‌ಗೆ.

ಅವನು ಚಾಪೆಯ ಮೇಲೆ ಕಾಲು ಚಾಚಿದ್ದ. "ಎಂತ ಹೆದರ್ತಿ? ಮಧ್ಯಾಹ್ನದ ಮೇಲೆ ಗಾಳಿ ಎತ್ಲಾಗಿ? ದಡಕ್ಕೆ. ಅವಳು ಬರುದಿಲ್ಲ ಅಂದ್ರೂ ಗಾಳಿಯೇ ತಂದು ಹಾಕ್ತದೆ."

"ಅದು ಹೌದು ಅಕ್ಕ" ಎಂದು ಹಮೀದ್ ತಲೆಯಾಡಿಸಿದ. "ಮತ್ತೆ ಇವ ಇದ್ದಾನಲ್ಲ. ಕಡಲು ಅಂದ್ರೆ ಇವನಿಗೆ ಮನೆ ಅಂಗಳ."

ಆಲ್ವಿನ್ ಒಳ್ಳೆಯ ಈಜುಗಾರ, ಸುಳ್ಳಲ್ಲ. ಆದರೆ ಅವನ ಈಜಿಗಿಂತ ಅವನ ಬಾಯಿ ಜೋರು. ಸಣ್ಣವನಿದ್ದಾಗ ದೋಣಿಗಳ ಹಿಂದೆ ಈಜಿಕೊಂಡು ಹೋಗುತ್ತಿದ್ದ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಅಂದೂ ಆ ಕಥೆ ಶುರುವಾಯಿತು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ತಲೆ ಎತ್ತಿದೆ. ಮಗಳು ಇರಬೇಕಾದಲ್ಲಿ ಇರಲಿಲ್ಲ. ಕೊಲ್ಲಿಯ ಬಾಯಿಯ ಹತ್ತಿರ ಗುಲಾಬಿ ಟ್ಯೂಬು ಕಾಣಿಸಿತು.

"ಆಲ್ವಿನ್, ಮಗು" ಎಂದೆ.

ಅವನು ಎದ್ದು ನೋಡಿದ. ಮೊದಲು ನಕ್ಕ. ಮರುಕ್ಷಣ ಅವನ ಮುಖ ಇಳಿದುಹೋಯಿತು. ತನ್ನ ಅಂಗಿ ಎತ್ತ ಹಾರುತ್ತಿದೆ ಎಂದು ಅವನು ಬಗ್ಗಿ ನೋಡಿಕೊಂಡದ್ದನ್ನು ನಾನು ಕಂಡೆ. ಅಂಗಿ ಕಡಲಿನ ಕಡೆಗೆ ಹಾರುತ್ತಿತ್ತು. "ಹಮೀದ್, ಗಾಡಿ ತೆಗಿ. ಬೋಟು ತಾ, ಯಾರದ್ದಾದ್ರೂ ಸರಿ" ಎಂದವನೇ ಅಂಗಿ ಕಿತ್ತು ಎಸೆದು ನೀರಿಗೆ ಓಡಿದ.

ಹಮೀದ್ ಗಾಡಿ ಓಡಿಸಿಕೊಂಡು ಹೋದ. ದಡದಲ್ಲಿ ನಾನೊಬ್ಬಳೇ ಉಳಿದೆ. ಆಲ್ವಿನ್‌ನ ತಲೆ ನೀರಿನಲ್ಲಿ ಏಳುತ್ತಾ ಮುಳುಗುತ್ತಾ ಹೋಗುವುದು ಸ್ವಲ್ಪ ದೂರದವರೆಗೆ ಕಂಡಿತು. ಅವನು ಹತ್ತಿರವಾದಷ್ಟೂ ಟ್ಯೂಬು ದೂರ ಸರಿಯುತ್ತಿತ್ತು. ಕೊಲ್ಲಿಯ ಆಚೆ ನೀರಿನ ಬಣ್ಣವೇ ಬೇರೆ, ಅಲ್ಲಿ ಬಿಳಿ ನೊರೆ ಎದ್ದಿತ್ತು. ನಾನು ಚಾಪೆಯ ಮೇಲಿನ ಬೆಡ್‌ಶೀಟ್ ತೆಗೆದು ಬೀಸಿದೆ. ಯಾರಿಗೆ ಬೀಸಿದೆನೋ ಗೊತ್ತಿಲ್ಲ. ನಮೋ ಮರಿಯೆ ಶುರು ಮಾಡಿದೆ. ಹುಟ್ಟಿದಾಗಿನಿಂದ ಹೇಳಿದ ಪ್ರಾರ್ಥನೆ ಅರ್ಧದಲ್ಲಿ ಮರೆತುಹೋಯಿತು. ಸೊಂಟದವರೆಗೆ ನೀರಿಗೆ ಇಳಿದೆ. ನೀರು ಐಸಿನಂತಿತ್ತು. ಮಳೆಗಾಲದ ಗಾಳಿಗೆ ಆ ಕಡೆ ಆಳದ ತಣ್ಣೀರು ಮೇಲೆ ಬರುತ್ತದೆ ಎಂದು ಆಮೇಲೆ ಪೊಲೀಸರು ಹೇಳಿದರು. ನಮ್ಮೂರಿನ ಬೆಚ್ಚಗಿನ ಕಡಲಿನಲ್ಲಿ ಈಜಿದ ಮೈ ಅಂಥ ನೀರನ್ನು ಎಷ್ಟು ಹೊತ್ತು ತಾಳೀತು? ಗುಲಾಬಿ ಬಣ್ಣ ಚುಕ್ಕಿಯಾಯಿತು. ಆಮೇಲೆ ಚುಕ್ಕಿಯೂ ಕಾಣಲಿಲ್ಲ.

ಹಮೀದ್ ಬೆಸ್ತರ ಹಳ್ಳಿಯೊಂದನ್ನು ಹುಡುಕಿ, ಮೂರನೆಯ ದಿನದ ಹಬ್ಬದ ಊಟ ಮುಗಿಸಿ ಮಲಗಿದ್ದವರನ್ನು ಎಬ್ಬಿಸಿದ್ದ. ಅವರಲ್ಲಿ ಸಾಲಿಂ ಎಂಬ ನಡುವಯಸ್ಸಿನ ಒಮಾನಿ ಒಂದು ಮಾತೂ ಕೇಳದೆ, ಹಬ್ಬದ ಬಿಳಿ ನಿಲುವಂಗಿಯಲ್ಲೇ ಬೋಟು ನೀರಿಗೆ ಇಳಿಸಿದನಂತೆ. ಆ ಗಾಳಿಯಲ್ಲಿ ಅವರು ಯಾರೂ ಕಡಲಿಗೆ ಹೋಗುವ ಕಾಲವಲ್ಲ ಅದು. ಹಮೀದ್ ಅವನ ಜೊತೆಗೆ ಹತ್ತಲು ಹೋದರೆ, "ನೀನು ಬೇಡ, ಭಾರ" ಎಂದು ತಳ್ಳಿ, ತನ್ನ ಅಣ್ಣನನ್ನು ಮಾತ್ರ ಕರೆದುಕೊಂಡು ಹೊರಟನಂತೆ. ಹಮೀದ್ ಗಾಡಿಯಲ್ಲಿ ನನ್ನ ಹತ್ತಿರ ಹಿಂದಿರುಗಿದ.

ಬೋಟು ನಮ್ಮ ಕೊಲ್ಲಿಗೆ ಬಂದಾಗ ಬಿಸಿಲು ಪೂರ್ತಿ ಇಳಿದಿತ್ತು. ಶೆರಿಲ್ ಸಾಲಿಂನ ತಲೆಗೆ ಸುತ್ತುವ ಶಾಲಿನೊಳಗೆ ಇದ್ದಳು. ತುಟಿ ನೀಲಿಯಾಗಿ, ಹಲ್ಲು ಕಟಕಟ ಎನ್ನುತ್ತಿತ್ತು. ಬಲ ಮಣಿಕಟ್ಟಿನಲ್ಲಿ ಒಂದು ದಾರದ ಗಂಟು. ಆಲ್ವಿನ್ ಹಾಕಿದ್ದ ಬರ್ಮುಡಾದ ಲಾಡಿ ಅದು. ಅದರಿಂದ ಅವಳ ಕೈಯನ್ನು ಟ್ಯೂಬಿನ ಹಿಡಿಕೆಗೆ ಕಟ್ಟಿದ್ದ. ಸಾಲಿಂ ಅದನ್ನು ಚೂರಿಯಲ್ಲಿ ಕತ್ತರಿಸಿ ಅವಳನ್ನು ಎತ್ತಿಕೊಂಡಿದ್ದ.

ನಾನು ಮಗುವನ್ನು ಅಪ್ಪಿಕೊಂಡು ಬೋಟಿನೊಳಗೆ ನೋಡಿದೆ. ಸಾಲಿಂ ಇದ್ದ, ಅವನ ಅಣ್ಣ ಇದ್ದ. ಬೇರೆ ಯಾರೂ ಇರಲಿಲ್ಲ.

ಶೆರಿಲ್ ನನ್ನ ಭುಜದ ಮೇಲಿನಿಂದ ದಡವನ್ನೆಲ್ಲ ಹುಡುಕಿದಳು. "ಮಮ್ಮಿ, ವೇರ್ ಈಸ್ ಪಪ್ಪಾ? ಈ ಅಂಕಲ್ ಹೇಳಿದ್ರು, ಪಪ್ಪ ಇಲ್ಲಿದ್ದಾರೆ, ಪಪ್ಪನೇ ಬೋಟು ಕಳಿಸಿದ್ದು ಅಂತ."

ಅವಳು ಕನ್ನಡದಲ್ಲಿ ಮಾತಾಡಿದ್ದು ನನಗೆ ಆಗಲೇ ತಿಳಿಯಿತು, ಅಂಥ ಹೊತ್ತಿನಲ್ಲೂ. ನಾನು ಸಾಲಿಂನ ಮುಖ ನೋಡಿದೆ. ಅವನು ತಲೆ ತಗ್ಗಿಸಿ, ಅರಬ್ಬಿ ಬೆರೆತ ಹಿಂದಿಯಲ್ಲಿ ಮೆಲ್ಲಗೆ ಹೇಳಿದ: "ಟ್ಯೂಬು ಬಿಡಲು ಒಪ್ಪಲಿಲ್ಲ, ಸಿಸ್ಟರ್. ಕಚ್ಚಿದಳು. ಪಪ್ಪಾ ಪಪ್ಪಾ ಅಂತ ನೀರನ್ನು ತೋರಿಸುತ್ತಿದ್ದಳು. ಅಲೆ ದೊಡ್ಡದಿತ್ತು, ಬೋಟು ಮಗುಚುತ್ತಿತ್ತು. ಪಪ್ಪ ಕಳಿಸಿದರು ಬಾ ಎಂದೆ. ಆಗ ಬಂದಳು. ನಾನು ಅವರನ್ನು ನೋಡಲೇ ಇಲ್ಲ."

ನಾನು ಏನು ಮಾಡಬೇಕಿತ್ತು? ಆ ನಡುಗುವ ಮಗುವಿಗೆ ಏನು ಹೇಳಬೇಕಿತ್ತು? "ಹೌದು ಮಗಾ, ಪಪ್ಪ ಈಜಿಕೊಂಡು ಬಂದು ಇವರಿಗೆ ಹೇಳಿದರು. ಈಗ ಇನ್ನೊಂದು ಬೋಟಿನಲ್ಲಿದ್ದಾರೆ" ಎಂದೆ. ಅವಳು ನನ್ನನ್ನೇ ನೋಡಿದಳು. ಬಾಯಿ ತೆರೆದು ಮತ್ತೆ ಮುಚ್ಚಿದಳು. ಆಮೇಲೆ ಕೆಲವು ದಿನ ಅವಳು ಯಾರೊಟ್ಟಿಗೂ ಮಾತಾಡಲಿಲ್ಲ. ಶಾಕ್ ಎಂದು ಡಾಕ್ಟರು ಹೇಳಿದರು, ನಾನೂ ಹಾಗೆಯೇ ತಿಳಿದೆ.

ಪೊಲೀಸರು, ಕೋಸ್ಟ್ ಗಾರ್ಡ್, ಹೆಲಿಕಾಪ್ಟರ್ ಎಲ್ಲ ಬಂತು. ಸಾಲಿಂ ಮತ್ತು ಅವನ ಹಳ್ಳಿಯವರು ಹಬ್ಬ ಬಿಟ್ಟು ಹುಡುಕಿದರು. ನಾವು ಸಾಲಿಂನ ಮನೆಯಲ್ಲೇ ಇದ್ದೆವು; ಅವನ ಹೆಂಡತಿ ನನ್ನ ಪಕ್ಕ ಕೂತು, ನನಗೆ ತಿಳಿಯದ ಭಾಷೆಯಲ್ಲಿ ಏನೇನೋ ಹೇಳುತ್ತಾ ಖರ್ಜೂರ ಬಾಯಿಗೆ ಹಾಕುತ್ತಿದ್ದಳು. ಕೊನೆಗೆ ಬಹಳ ದೂರದಲ್ಲಿ ಒಂದು ಮೀನಿನ ಹಡಗಿನವರಿಗೆ ಆಲ್ವಿನ್ ಸಿಕ್ಕಿದ. ನನಗೆ ಮುಖ ತೋರಿಸಲಿಲ್ಲ. ಬರ್ಮುಡಾ ತೋರಿಸಿದರು. ಅದರಲ್ಲಿ ಲಾಡಿ ಇರಲಿಲ್ಲ.

ಅವನನ್ನು ಊರಿಗೆ ತೆಗೆದುಕೊಂಡು ಹೋದೆವು. ಮಗಳ ಎದುರು ಫೋನಿನಲ್ಲಿ ಮನೆಯವರಿಗೂ ಅದನ್ನೇ ಹೇಳಿದ್ದೆ, ಹಾಗಾಗಿ ನನ್ನ ಸುಳ್ಳು ನನಗಿಂತ ಮೊದಲೇ ಊರು ತಲುಪಿತ್ತು. ಆಲ್ವಿನ್ ಈಜಿ ಹೋಗಿ ಬೋಟಿನವರಿಗೆ ಸುದ್ದಿ ಮುಟ್ಟಿಸಿ, ಮಗಳನ್ನು ಉಳಿಸಿ ಪ್ರಾಣ ಬಿಟ್ಟ ಎಂದು ಎಲ್ಲರ ಬಾಯಲ್ಲೂ. ಪಾದ್ರಿಗಳು ಪ್ರವಚನದಲ್ಲೂ ಅದನ್ನೇ ಹೇಳಿದರು. ಅವನ ತಾಯಿ ನನ್ನ ಕೈ ಹಿಡಿದು, "ಸಣ್ಣವನಿರುವಾಗಲೇ ಹಾಗೆ, ದೋಣಿ ಹಿಡಿಯದೆ ಬಿಡುವವ ಅಲ್ಲ" ಎಂದರು. ಶೆರಿಲ್ ನನ್ನ ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. ನಿಜ ಗೊತ್ತಿದ್ದದ್ದು ನನಗೆ, ಹಮೀದನಿಗೆ, ಸಾಲಿಂಗೆ ಮಾತ್ರ ಎಂದು ನಾನು ತಿಳಿದಿದ್ದೆ.

ನಿಜ ಎಂದರೆ ನಾನು ಅರ್ಥ ಮಾಡಿಕೊಂಡ ನಿಜ. ಅದು ಹೀಗೆ: ಆಲ್ವಿನ್ ಮಗಳ ಹತ್ತಿರ ತಲುಪಿದ. ಲಾಡಿ ಬಿಚ್ಚಿ ಅವಳ ಕೈ ಕಟ್ಟಿದ. ಕಟ್ಟಿದ್ದು ಯಾಕೆ? ಬಿಟ್ಟು ಹೋಗಲಿಕ್ಕೆ. ತಾನು ದಡಕ್ಕೆ ಈಜಿ ಸಹಾಯ ತರುತ್ತೇನೆಂದು ಹೊರಟ. ಹೊರಟವನು ಮುಳುಗಿದ. ಮಗುವನ್ನು ಆ ಕಡಲಿನ ಮಧ್ಯೆ ಒಬ್ಬಳನ್ನೇ ಬಿಟ್ಟು, ತನ್ನ ಈಜಿನ ಜಂಬದಲ್ಲಿ ಹೊರಟೇಬಿಟ್ಟನಲ್ಲ ಎಂದು ನನಗೆ ಮೈ ಉರಿಯುತ್ತಿತ್ತು. ಗಾಳಿಯ ವಿಷಯದಲ್ಲಿ ತಪ್ಪಿದ್ದನ್ನು ನಾನು ಮನ್ನಿಸಿದ್ದೆ. ನಮ್ಮೂರಿನವರು ಯಾರಾದರೂ ಹಾಗೆಯೇ ತಪ್ಪುತ್ತಿದ್ದರು. ಇದನ್ನು ಮನ್ನಿಸಲು ಆಗಲಿಲ್ಲ. ಮಸ್ಕತ್ತಿಗೆ ಹಿಂದಿರುಗಿ ಕೆಲಸಕ್ಕೆ ಸೇರಿದೆ. ಅವನ ಫೋಟೊಕ್ಕೆ ಮೇಣದಬತ್ತಿ ಹಚ್ಚುವಾಗಲೂ ಮನಸ್ಸಿನಲ್ಲಿ ಬೈಯುತ್ತಿದ್ದೆ. ಗಂಡ ಸತ್ತವಳಿಗೆ ಇರಬಾರದ ಸಿಟ್ಟು ಅದು, ಯಾರಿಗೆ ಹೇಳುವುದು?

ಸಾಲಿಂ ಪ್ರತಿ ಈದ್‌ಗೆ ಫೋನ್ ಮಾಡುತ್ತಾನೆ. ಮಗಳು ಹೇಗಿದ್ದಾಳೆ, ಓದುತ್ತಾಳಾ, ಉಣ್ಣುತ್ತಾಳಾ ಎಂದು ಕೇಳಿ ಇಡುತ್ತಾನೆ. ಈ ಸಲದ ಬಕ್ರೀದ್‌ಗೂ ಮಾಡಿದ. ಹಮೀದ್ ನಮ್ಮ ಮನೆಯಲ್ಲೇ ಇದ್ದ, ಬಿರಿಯಾನಿ ತಂದಿದ್ದ. ಕೈ ಎಂಜಲಾಗಿತ್ತೆಂದು ನಾನು ಫೋನನ್ನು ಸ್ಪೀಕರಿಗೆ ಹಾಕಿದೆ. ಈದ್ ಮುಬಾರಕ್ ಎಲ್ಲ ಆದ ಮೇಲೆ ಶೆರಿಲ್ ಫೋನಿನ ಹತ್ತಿರ ಬಂದು ಕೂತಳು. ಈಗ ಹನ್ನೊಂದು ವರ್ಷ, ಅಪ್ಪನದ್ದೇ ಮುಖ.

"ಸಾಲಿಂ ಅಂಕಲ್, ಒಂದು ಕೇಳಬೇಕು" ಎಂದಳು, ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ. "ಆವತ್ತು ನೀವು ಪಪ್ಪನನ್ನು ನೋಡಲಿಲ್ಲ ಅಲ್ವಾ?"

ಫೋನಿನ ಆ ಕಡೆ ಗಾಳಿಯ ಸದ್ದು ಕೇಳುತ್ತಿತ್ತು. ಹಮೀದ್ ತುತ್ತನ್ನು ಕೈಯಲ್ಲೇ ಹಿಡಿದುಕೊಂಡ. ನಾನು ಫೋನ್ ಕಸಿದುಕೊಳ್ಳಲು ಹೋದೆ.

"ಇಲ್ಲ ಮಗಳೇ, ನೋಡಲಿಲ್ಲ" ಎಂದ ಸಾಲಿಂ. "ನಿನ್ನನ್ನು ಬೋಟಿಗೆ ಹತ್ತಿಸಲು ಸುಳ್ಳು ಹೇಳಿದೆ. ದೇವರು ನನ್ನನ್ನು ಕ್ಷಮಿಸಲಿ, ನೀನೂ ಕ್ಷಮಿಸು."

"ದಡಕ್ಕೆ ಬಂದಾಗ್ಲೇ ನಂಗೆ ಗೊತ್ತಾಯ್ತು ಅಂಕಲ್. ನೀವು ಸುಳ್ಳು ಹೇಳಿದ್ದು ಒಳ್ಳೇದಾಯ್ತು. ಇಲ್ಲಾಂದ್ರೆ ನಾನು ಬರ್ತಿರಲಿಲ್ಲ. ಪಪ್ಪ ಇನ್ನೂ ಅಲ್ಲೇ ನೀರಿನ ಕೆಳಗೆ ಇದ್ರು."

ನಾನು ಅವಳ ಭುಜ ಹಿಡಿದೆ. "ಎಂತ ಹೇಳ್ತಿದ್ದಿ? ಪಪ್ಪ ದಡಕ್ಕೆ ಹೊರಟಿದ್ರಲ್ಲ?"

ಅವಳು ನನ್ನ ಕಡೆ ತಿರುಗಿದಳು. "ನೋ ಮಮ್ಮಿ. ಪಪ್ಪ ಎಲ್ಲಿಗೂ ಹೋಗಲಿಲ್ಲ. ಅವರು ಟ್ಯೂಬಿಗೆ ಕೈ ಹಾಕಿದ್ರೆ ಟ್ಯೂಬು ವಾಲಿ ನನ್ನ ಮುಖಕ್ಕೆ ನೀರು ಬರ್ತಿತ್ತು. ಅದಕ್ಕೆ ಬಿಟ್ರು. ಲಾಡಿಯಿಂದ ನನ್ನ ಕೈ ಕಟ್ಟಿ, ಉಳಿದ ತುದಿ ಅವರು ಹಿಡ್ಕೊಂಡಿದ್ರು. ಗ್ರೀಸಿನ ಕಥೆ ಹೇಳ್ತಿದ್ರು. ವೀಸಾ ಬರ್ತದೆ, ನೀಲಿ ಬಾಗಿಲಿನ ಮನೆಯಲ್ಲೇ ಇರುವ ಅಂತ. ಹಮೀದ್ ಅಂಕಲ್ ಬೋಟು ತರ್ತಾರೆ, ಅಲ್ಲಿವರೆಗೆ ಹಿಡಿಕೆ ಬಿಡಬೇಡ ಅಂತ. ಆಮೇಲೆ ಅವರ ಮಾತು ತೊದಲಿತು. ಆಮೇಲೆ ಲಾಡಿ ಲೂಸಾಯ್ತು."

"ಇಷ್ಟು ದಿನ ಯಾಕೆ ಹೇಳಲಿಲ್ಲ ಮಗಾ?"

"ನೀವು ಎಲ್ಲರಿಗೂ ಪಪ್ಪ ಬೋಟು ಕಳಿಸಿದ್ರು ಅಂತ ಹೇಳ್ತಿದ್ರಿ. ನಿಮ್ಗೆ ಆ ಕಥೆ ಬೇಕು ಅಂತ ಅಂದುಕೊಂಡೆ."

ಫೋನಿನಲ್ಲಿ ಸಾಲಿಂ ಏನೋ ಪ್ರಾರ್ಥನೆ ಹೇಳುತ್ತಿದ್ದ. ಹಮೀದ್ ಎದ್ದು ಹೋಗಿ ಅಡುಗೆಮನೆಯ ನಲ್ಲಿಯ ಕೆಳಗೆ ಸುಮ್ಮನೆ ಕೈ ಹಿಡಿದು ನಿಂತಿದ್ದ.

ಆ ಲಾಡಿ ನನ್ನ ಬೀರುವಿನಲ್ಲಿದೆ. ಶೆರಿಲ್‌ಳ ಕೈಯಿಂದ ಬಿಡಿಸಿದ ತುಂಡನ್ನು ಎಸೆಯಲು ಮನಸ್ಸಾಗದೆ ಇಟ್ಟಿದ್ದೆ. ಅಂದು ಅದನ್ನು ತೆಗೆದು ನೋಡಿದೆ. ಗಂಟಿನ ಒಂದು ಬದಿ ಚೂರಿಯಿಂದ ಕತ್ತರಿಸಿದ್ದು. ಇನ್ನೊಂದು ಬದಿಯಲ್ಲಿ ಉದ್ದಕ್ಕೆ ಬಿಟ್ಟ ತುದಿ, ಕೈಗೆ ಸುತ್ತಿಕೊಂಡು ಹಿಡಿಯುವಷ್ಟು ಉದ್ದ. ಎರಡು ವರ್ಷ ಅದು ನನ್ನ ಹತ್ತಿರವೇ ಇತ್ತು, ಆ ತುದಿ ಯಾಕೆ ಅಷ್ಟು ಉದ್ದ ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅದನ್ನು ಕೈಗೆ ಸುತ್ತಿಕೊಂಡು ಕೂತು ಅತ್ತೆ. ಅವನು ಹೋದ ಮೇಲೆ ನಾನು ಅತ್ತದ್ದೆಲ್ಲ ಸಿಟ್ಟಿಗೆ. ಆಲ್ವಿನ್‌ಗಾಗಿ ಅತ್ತದ್ದು ಅದೇ ಮೊದಲು.